ಅರಸೀಕೆರೆಯ ಕರಡಿಯೂ ನಮ್ಮ ಕಲ್ಲುಗುಡ್ಡಗಳೂ

ಬಯಲುಸೀಮೆಯ ಕರಡಿಗೆ ದಟ್ಟ ಕಾಡು ಬೇಕೆಂದೇನಿಲ್ಲ. ಬಂಡೆಗಳ ಸಂದಿಯಲ್ಲಿ ತಂಪಾದ ಗವಿ, ಬುಡದಲ್ಲಿ ನಾಲ್ಕು ಹುತ್ತ, ಸುತ್ತ ಕಾರೆ, ಕವಳೆ, ಎಲಚಿ ಪೊದೆಗಳಿದ್ದರೆ ಅದರ ಸಂಸಾರ ಸಾಗುತ್ತದೆ. ಬಿಂಡಿಗನವಿಲೆಯಿಂದ ಚನ್ನರಾಯಪಟ್ಟಣದ ಮೇಲೆ ಅರಸೀಕೆರೆಗೆ ಹೋಗುವವರಿಗೆ ಇಂಥ ಗುಡ್ಡಗಳು ಅಲ್ಲಲ್ಲಿ ಕಾಣುತ್ತವೆ. ನಮ್ಮ ರಾಜ್ಯದ ಅತಿ ಪ್ರಸಿದ್ಧ ಕರಡಿ ಬೇಟೆ ನಡೆದದ್ದು ಈ ದಿಕ್ಕಿನಲ್ಲೇ.

ಬೇಟೆಗಾರ ಕೆನ್ನೆತ್ ಆಂಡರ್ಸನ್. ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆ ಹೊಸ ಹೆಸರಲ್ಲ. 1957ರಲ್ಲಿ ಬಂದ ಆಂಡರ್ಸನ್ ಅವರ ಪುಸ್ತಕದಲ್ಲಿ ಮೈಸೂರು ಸೀಮೆಯ ಕರಡಿಯೊಂದರ ಕಥೆಯಿದೆ. ಅರಸೀಕೆರೆಯ ಪೂರ್ವಕ್ಕಿರುವ ಗುಡ್ಡಗಳಲ್ಲಿದ್ದ ಅದು ಕನಿಷ್ಠ 12 ಜನರನ್ನು ಕೊಂದಿತ್ತು. ಇನ್ನೂ ಇಪ್ಪತ್ನಾಲ್ಕು ಮಂದಿಯ ಮೈಮುಖ ಹರಿದುಹಾಕಿತ್ತು. ಬದುಕಿ ಉಳಿದವರಲ್ಲಿ ಕಣ್ಣು ಕಳೆದುಕೊಂಡವರಿದ್ದರು, ಮೂಗು ಕಳೆದುಕೊಂಡವರಿದ್ದರು. ಗುಡ್ಡದ ಬುಡದಲ್ಲಿ ದರ್ಗಾ ನೋಡಿಕೊಂಡಿದ್ದ ಆಲಂ ಬಕ್ಸ್ ಎಂಬ ಫಕೀರ ಆಂಡರ್ಸನ್‌ಗೆ ಪರಿಚಯದವನು. ರಾತ್ರಿ ಹೊರಗೆ ಬಂದ ಅವನ ಮಗ ಕರಡಿಗೆ ಎದುರಾಗಿ ಪ್ರಾಣ ಬಿಟ್ಟ. ಆಂಡರ್ಸನ್ ಕೋವಿ ಹಿಡಿದು ಬಂದದ್ದು ಆ ಸುದ್ದಿ ತಿಳಿದ ಮೇಲೆ. ಎರಡು ಸಲ ಬರಿಗೈ, ಮೂರನೆಯ ಪ್ರಯತ್ನದಲ್ಲಿ ಕರಡಿ ಬಿತ್ತು.

ಅದು ಯಾಕೆ ಹಾಗೆ ಕೆರಳಿತ್ತು? ಕರಡಿ ಹುಡುಗಿಯೊಬ್ಬಳನ್ನು ಹೆಂಡತಿಯಾಗಿ ಇಟ್ಟುಕೊಂಡಿತ್ತು, ಊರವರು ಬಿಡಿಸಿ ತಂದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿತ್ತು ಎಂದು ಜನ ಹೇಳುತ್ತಿದ್ದರಂತೆ. ಕಥೆ ಸೊಗಸಾಗಿದೆ. ಆಂಡರ್ಸನ್ ನಂಬಲಿಲ್ಲ; ಹಿಂದೆ ಯಾರೋ ಅದನ್ನು ಗಾಯಗೊಳಿಸಿರಬೇಕು ಎಂಬುದು ಅವರ ಊಹೆ. ನನಗೂ ಅದೇ ಸರಿ ಎನಿಸುತ್ತದೆ.

ಯಾಕೆಂದರೆ ಕರಡಿ ಹೊಟ್ಟೆಪಾಡಿಗೆ ಮನುಷ್ಯನ ಮೇಲೆ ಬೀಳುವ ಪ್ರಾಣಿಯಲ್ಲ. ಅದಕ್ಕೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲೇ ಇಲ್ಲ. ಹುತ್ತ ಕೆದಕಿ, ಮಣ್ಣು ಊದಿ, ಆ ಸಂದಿನಿಂದ ಗೆದ್ದಲನ್ನು ಸೊರಸೊರ ಹೀರುತ್ತದೆ. ಸದ್ದು ದೂರದವರೆಗೂ ಕೇಳುತ್ತದೆ. ಮೂಗು ಬಲು ಚುರುಕು, ಕಣ್ಣು ಕಿವಿ ಅಷ್ಟಕ್ಕಷ್ಟೆ. ತಿನ್ನುವುದರಲ್ಲೇ ಮುಳುಗಿರುವಾಗ ಯಾರಾದರೂ ಹತ್ತು ಮಾರು ಹತ್ತಿರ ಬಂದುಬಿಟ್ಟರೆ ಗಾಬರಿಯಿಂದ ಮೇಲೆರಗುತ್ತದೆ. ಬೆನ್ನ ಮೇಲೆ ಮರಿಗಳಿದ್ದರಂತೂ ಕೇಳುವುದೇ ಬೇಡ.

ಹಳೆಯ ಶಿಕಾರಿಗಳಿಗೆ ಇದೆಲ್ಲ ಗೊತ್ತಿತ್ತು. ರಾತ್ರಿಯೆಲ್ಲ ಮೇಯ್ದ ಕರಡಿ ಬೆಳಕು ಹರಿಯುವ ಮುನ್ನ ಗವಿಗೆ ಮರಳುತ್ತದೆ. ಅದು ಬರುವ ಮೊದಲೇ ಗುಡ್ಡ ಹತ್ತಿ, ಗಾಳಿ ನೋಡಿಕೊಂಡು, ಗವಿಯ ಮೇಲಿನ ಬಂಡೆಯಲ್ಲಿ ಕಾದರೆ ಮುಗಿಯಿತು. ಮನೆಗೆ ಮರಳುವ ಪ್ರಾಣಿಯನ್ನು ಬಾಗಿಲಲ್ಲೇ ಹೊಡೆಯುವುದರಲ್ಲಿ ಯಾವ ಶೌರ್ಯವಿತ್ತೋ!

ಕೋವಿಯ ಮುಂದೆ ಕಂಡವರಿಗಿಂತ ಹೆಚ್ಚು ಜನ ಕರಡಿಯನ್ನು ಕಂಡದ್ದು ಹಗ್ಗದಲ್ಲಿ. ಕಲಂದರ್ ಸಮುದಾಯದವರು ಮೂಗು ಚುಚ್ಚಿ ಊರೂರು ಕುಣಿಸುತ್ತಿದ್ದರು. ಹೆದರುವ ಮಕ್ಕಳನ್ನು ಕರಡಿಯ ಮೇಲೆ ಕೂರಿಸಿ, ಅದರ ಕೂದಲಿನ ತಾಯಿತ ಕಟ್ಟಿಸಿದ ಅಜ್ಜಿಯರು ಈಗಲೂ ಸಿಗುತ್ತಾರೆ. ಕುಣಿಸಲು ಪಳಗಿಸುವ ಮರಿಗಳು ಬರುತ್ತಿದ್ದುದೂ ಇಂಥ ಗವಿಗಳಿಂದಲೇ. 2009ರ ಹೊತ್ತಿಗೆ ಆ ಆಟ ನಿಂತಿತು. ಬಿಡಿಸಿ ತಂದ ಎಷ್ಟೋ ಕರಡಿಗಳಿಗೆ ಬನ್ನೇರುಘಟ್ಟ ಮನೆಯಾಯಿತು.

ಇಂದು ಬೇಟೆಗೆ ಹೊರಟರೆ ಜೈಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಕರಡಿಯಿದೆ. ಮನುಷ್ಯನ ಪ್ರಾಣಕ್ಕೆ ಅಪಾಯವೆಂದು ಖಚಿತವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಅದಕ್ಕೂ ಮೊದಲು ಹಿಡಿದು ಸಾಗಿಸಲು ಸಾಧ್ಯವೇ ಎಂದು ನೋಡಬೇಕು. 1994ರಲ್ಲಿ ದರೋಜಿ ಕರಡಿಧಾಮವೂ ಆಯಿತು.

ನಮ್ಮ ಕಡೆಯ ಗುಡ್ಡಗಳಿಗೆ ಅಂಥ ಭಾಗ್ಯವಿಲ್ಲ. 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಧಾಮ ಬಿಟ್ಟರೆ, ಉಳಿದ ಎಷ್ಟೋ ಬಂಡೆಗಳು ಜನರ ಕಣ್ಣಿಗೆ ಬರೀ ಜಲ್ಲಿ. ಪಾಂಡವಪುರದ ಬೇಬಿ ಬೆಟ್ಟದ ಗಣಿಗಾರಿಕೆಯ ಬಗ್ಗೆ ವರ್ಷಗಟ್ಟಲೆ ಜಗಳ ನಡೆಯಿತು, ಅದೂ ಕನ್ನಂಬಾಡಿ ಕಟ್ಟೆಗೆ ಧಕ್ಕೆಯಾದೀತೆಂಬ ಭಯಕ್ಕೆ. ಭಯ ನ್ಯಾಯವಾದದ್ದೇ. ಆದರೆ ಕಟ್ಟೆ ಹತ್ತಿರವಿಲ್ಲದ ಗುಡ್ಡ ಸಿಡಿದರೆ ಕೇಳುವವರಾರು? ಗವಿ ಕಳೆದುಕೊಂಡ ಪ್ರಾಣಿ ಕಡಲೆಕಾಯಿ ಹೊಲಕ್ಕೇ ಇಳಿಯುತ್ತದೆ, ಮುಂಜಾನೆ ನೀರು ಕಟ್ಟಲು ಹೋದ ರೈತನಿಗೇ ಎದುರಾಗುತ್ತದೆ.