ಹೊಸ ಮಗು ಬಂದಾಗ ಹಿಂದಿನ ಮಗುವಿಗೆ ಬರುವ ಕಾಯಿಲೆ

ಉಬ್ಬಿದ ಹೊಟ್ಟೆ, ಊದಿದ ಪಾದ, ತುಂಬಿದ ಕೆನ್ನೆ. ದೂರದಿಂದ ನೋಡಿದವರಿಗೆ ಮಗು ಮೈಕೈ ತುಂಬಿಕೊಂಡಂತೆಯೇ ಕಾಣುತ್ತದೆ. ಹತ್ತಿರ ಹೋದರೆ ಕೂದಲು ಕೆಂಚಗಾಗಿದೆ, ಚರ್ಮ ಸುಲಿಯುತ್ತಿದೆ. ಮಗು ಆಡುವುದಿಲ್ಲ, ತುತ್ತು ಕೊಟ್ಟರೂ ಮುಖ ತಿರುಗಿಸುತ್ತದೆ. ಹಸಿವೆಂದರೆ ಎಲುಬಿನ ಗೂಡು ಎಂದು ತಿಳಿದವರಿಗೆ ಇದೂ ಹಸಿವೇ ಎಂದು ಹೊಳೆಯುವುದು ಕಷ್ಟ. ವೈದ್ಯರಿಗೂ ಬಹುಕಾಲ ಹೊಳೆದಿರಲಿಲ್ಲ.

ವೈದ್ಯಗ್ರಂಥಗಳಲ್ಲಿ ಇದರ ಹೆಸರು ಕ್ವಾಶಿಯೋರ್ಕರ್. ಇದು ಲ್ಯಾಟಿನ್ ಅಲ್ಲ, ಗ್ರೀಕ್ ಅಲ್ಲ. ಘಾನಾದ ಅಕ್ರಾ ನಗರದ ಸುತ್ತಮುತ್ತ ವಾಸಿಸುವ ಗಾ ಜನರ ಮಾತು. ಹೊಸ ಮಗು ಹುಟ್ಟಿದಾಗ ಹಿಂದಿನ ಮಗುವಿಗೆ ಬರುವ ಕಾಯಿಲೆ ಎಂದು ಅದರ ಅರ್ಥ. ಜಮೈಕಾದಲ್ಲಿ ಹುಟ್ಟಿದ ವೈದ್ಯೆ ಸಿಸಿಲಿ ವಿಲಿಯಮ್ಸ್ 1929ರಲ್ಲಿ, ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಈ ಬ್ರಿಟಿಷ್ ವಸಾಹತಿಗೆ ಕೆಲಸಕ್ಕೆ ಬಂದರು. 1933ರಲ್ಲಿ ಅವರು ಈ ಕಾಯಿಲೆಯನ್ನು ವಿವರಿಸಿ ಬರೆದಾಗ, ಅದು ಮೊದಲೇ ಗೊತ್ತಿದ್ದ ಪೆಲಾಗ್ರ ರೋಗವೇ ಎಂಬ ಆಕ್ಷೇಪ ಬಂತು. ಆಕೆ ಒಪ್ಪಲಿಲ್ಲ. 1935ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಲೇಖನದಲ್ಲಿ ಊರ ಜನರ ಪದವನ್ನೇ ರೋಗದ ಹೆಸರಾಗಿ ಬಳಸಿದರು.

ಆ ಹೆಸರಿನಲ್ಲೇ ಅರ್ಧ ವಿವರಣೆಯಿತ್ತು. ತಾಯಿ ಮತ್ತೆ ಬಸುರಿಯಾದರೆ ಮಡಿಲ ಮಗುವಿಗೆ ಮೊಲೆ ಬಿಡಿಸುತ್ತಾರೆ. ಹಾಲಿನ ಜಾಗಕ್ಕೆ ಬರುವುದು ಮೆಕ್ಕೆಜೋಳದ ಗಂಜಿ. ಅದರಿಂದ ಹೊಟ್ಟೆಯೇನೋ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ಹಾಗಾದರೆ ಬೇಕಾದದ್ದು ಪ್ರೋಟೀನು ಎಂದು ಜಗತ್ತಿನ ಆಹಾರ ತಜ್ಞರು ಎರಡು ದಶಕಗಳ ಕಾಲ ಅದರ ಬೆನ್ನು ಹತ್ತಿದರು. ಇದು ದೊಡ್ಡ ಎಡವಟ್ಟು ಎಂದು 1974ರಲ್ಲಿ ಡೊನಾಲ್ಡ್ ಮ್ಯಾಕ್‌ಲಾರೆನ್ ಅದೇ ಲ್ಯಾನ್ಸೆಟ್‌ನಲ್ಲಿ ಬರೆದರು. ಮಲಾವಿ ದೇಶದ ಹಳ್ಳಿಗಳ ಅವಳಿ ಮಕ್ಕಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಒಂದೇ ಮನೆ, ಒಂದೇ ಗಂಜಿ. ಆದರೂ ಒಂದು ಮಗುವಿಗೆ ಕಾಯಿಲೆ, ಇನ್ನೊಂದಕ್ಕಿಲ್ಲ. ಕರುಳಿನ ಸೂಕ್ಷ್ಮಜೀವಿಗಳ ಪಾತ್ರವೂ ಇದೆಯೆಂದು ಅದರಿಂದ ತಿಳಿಯಿತು. ಪೂರ್ತಿ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ.

ಕಾರಣಕ್ಕಿಂತ ಮೊದಲೇ ಮದ್ದು ಸಿಕ್ಕಿತು ಎನ್ನಬೇಕು. 1990ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂಡ್ ಮತ್ತು ಮಿಷೆಲ್ ಲೆಸ್ಕಾನ್ ಶೇಂಗಾ, ಹಾಲಿನ ಪುಡಿ, ಎಣ್ಣೆ, ಸಕ್ಕರೆಗೆ ಜೀವಸತ್ವ ಮತ್ತು ಖನಿಜ ಬೆರೆಸಿ ಒಂದು ಮುದ್ದೆ ತಯಾರಿಸಿದರು. ಪೊಟ್ಟಣಕ್ಕೆ ಸುಮಾರು 500 ಕ್ಯಾಲೊರಿ. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ. ಹಳ್ಳಿಯ ಕೊಳಕು ನೀರಿನ ಭಯ ತಪ್ಪಿತು. ಮೊದಲಾದರೆ ತಾಯಿ ಉಳಿದ ಮಕ್ಕಳನ್ನೂ ಹೊಲವನ್ನೂ ಬಿಟ್ಟು ವಾರಗಟ್ಟಲೆ ಚಿಕಿತ್ಸಾ ಕೇಂದ್ರದಲ್ಲಿ ಕೂರಬೇಕಿತ್ತು. ಈಗ, ಬೇರೆ ತೊಡಕಿಲ್ಲದ ಮಗುವಿಗೆ ಮನೆಯಲ್ಲೇ ತಿನ್ನಿಸಬಹುದು.

2005ರಲ್ಲಿ ನೈಜರ್ ದೇಶ ಆಹಾರದ ಅಭಾವಕ್ಕೆ ಸಿಕ್ಕಿದಾಗ ಇದೇ ಪೊಟ್ಟಣದಿಂದ ಸಾವಿರಾರು ಮಕ್ಕಳು ಚೇತರಿಸಿಕೊಂಡರು. ಆದರೆ ಅಲ್ಲಿ ಬರಗಾಲವಿಲ್ಲದ ವರ್ಷವೂ ಜೂನ್‌ನಿಂದ ಸೆಪ್ಟೆಂಬರ್ ತನಕ ಕಣಜ ಬರಿದು. ಹೊಲದಲ್ಲಿ ದುಡಿಮೆ ಹೆಚ್ಚಿರುವುದೂ ಆ ತಿಂಗಳುಗಳಲ್ಲೇ. ಸುಗ್ಗಿಯಲ್ಲಿ ಸಾಲ ತೀರಿಸಲೆಂದು ಅಗ್ಗಕ್ಕೆ ಸಜ್ಜೆ ಮಾರಿದ ರೈತ, ಮಳೆಗಾಲದಲ್ಲಿ ಅದೇ ಸಜ್ಜೆಯನ್ನು ಏರಿದ ಬೆಲೆಗೆ ಕೊಳ್ಳಲು ಸಂತೆಗೆ ಹೋಗುತ್ತಾನೆ.