ಟೀಚರ್ ಯಾರ ಬಳಿ ಹೇಳಿಕೊಳ್ಳಬೇಕು?

ನಾನು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಆಫೀಸಿನಲ್ಲಿ ಕುರ್ಚಿ ಮುರಿದರೂ ಒಂದು ಟಿಕೆಟ್ ಹಾಕಿದರೆ ಸಾಕು, ಎರಡು ದಿನದಲ್ಲಿ ಉತ್ತರ ಬರುತ್ತದೆ. ನನ್ನ ಹೆಂಡತಿ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದಳು. ಅವಳಿಗೆ ತೊಂದರೆಯಾದಾಗ ಯಾರಿಗೆ ಹೇಳಬೇಕೆಂದೇ ನಮಗೆ ಗೊತ್ತಿರಲಿಲ್ಲ.

2014ರ ಜೂನ್‌ನಲ್ಲಿ ಸೇರಿದವಳು, ಮಗಳನ್ನು ನೋಡಿಕೊಳ್ಳಲೆಂದು 2023ರ ಏಪ್ರಿಲ್ ಕೊನೆಗೆ ರಾಜೀನಾಮೆ ಕೊಟ್ಟಳು. ಬೀಳ್ಕೊಡುಗೆಯಲ್ಲಿ ಶಾಲು, ಗೋಡೆ ಗಡಿಯಾರ ಎಲ್ಲ ಸಿಕ್ಕವು. ಗ್ರಾಚ್ಯುಟಿ ಕೇಳಿದರೆ ಮಾತ್ರ, "ಅದು ಕಾರ್ಖಾನೆಯವರಿಗೆ ಮೇಡಂ, ಟೀಚರ್‌ಗಳಿಗೆ ಬರೋದಿಲ್ಲ" ಎಂದರಂತೆ.

ನಾನೂ "ಹೋಗ್ಲಿ ಬಿಡು, ಎಷ್ಟ ಬರ್ತೈತಿ ಅದು?" ಅಂದುಬಿಟ್ಟೆ. ಧಾರವಾಡದವಳು, ಸುಮ್ಮನಿರಲಿಲ್ಲ. "ನಿಮಗ ಅದು ಒಂದ ತಿಂಗಳ ಪಗಾರ ಇರಬಹುದ್ರಿ. ನನಗ ಒಂಬತ್ತ ವರ್ಷದ್ದು" ಎಂದಳು. ಆ ಮಾತು ನನಗೆ ಚೆನ್ನಾಗಿಯೇ ತಾಗಿತು.

ಅವತ್ತು ರಾತ್ರಿಯಿಂದ ಕಾನೂನು ಓದಲು ಕೂತೆ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕರು' ಅಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿತ್ತು. ಗ್ರಾಚ್ಯುಟಿ ಕಾಯ್ದೆಯೂ ಅವರಿಗೆ ಅನ್ವಯಿಸುವುದಿಲ್ಲ ಎಂದು 2004ರಲ್ಲಿ ತೀರ್ಪು ಬಂತು. ಶಾಲೆಯವರ ಮಾತಿನ ಮೂಲ ಅಲ್ಲಿತ್ತು. ಆದರೆ ಸಂಸತ್ತು 2009ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶಾಲೆಯ ಕಚೇರಿ ಇನ್ನೂ 2004ರಲ್ಲೇ ಇತ್ತು!

ಲೆಕ್ಕವನ್ನು ಗಣಿತದ ಟೀಚರೇ ಮಾಡಿದಳು. ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000. ಐದು ವರ್ಷ ಸತತ ಸೇವೆ ಆಗಿರಬೇಕು. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದೂ ಪೂರ್ತಿ ವರ್ಷವೇ. ಹಾಗಾಗಿ ಒಂಬತ್ತು ವರ್ಷಕ್ಕೆ 1,35,000 ರೂಪಾಯಿ.

ಆದರೆ ಅರ್ಜಿ ಬರೆಯುವ ಹೊತ್ತಿಗೆ ಅವಳೇ ಹಿಂಜರಿದಳು. "ಕಲಿಸಿದ ಸಾಲಿ ಮ್ಯಾಲ ತಕರಾರ ಹಾಕೂದೇನ್ರಿ? ಹುಡುಗ್ರ ಅವ್ವ-ಅಪ್ಪ ಏನಂದಾರು?" ಧೈರ್ಯ ತುಂಬಿದವರು ನಮ್ಮ ಬಿಲ್ಡಿಂಗಿನ ನಿವೃತ್ತ ಮರಾಠಿ ಟೀಚರ್, ನಾವೆಲ್ಲ ಕಾಕೂ ಎನ್ನುವವರು. ಇದು ಜಗಳವಲ್ಲ, ಬಾಕಿ ಲೆಕ್ಕ, ಅಷ್ಟೇ ಎಂದರು. ಬಾಯಲ್ಲಿ ಕೇಳಬೇಡ, ಬರೆದು ಕೊಡು, ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೋ ಎಂದೂ ಹೇಳಿಕೊಟ್ಟರು.

ನೇಮಕಾತಿ ಪತ್ರ, ಸಂಬಳದ ಚೀಟಿ, ರಾಜೀನಾಮೆ ಒಪ್ಪಿಕೊಂಡ ಪತ್ರ, ಬ್ಯಾಂಕ್ ಪಾಸ್‌ಬುಕ್‌ನ ನಕಲು ಎಲ್ಲ ಜೋಡಿಸಿದೆವು. ಅರ್ಜಿಯಲ್ಲಿ ತಿದ್ದುಪಡಿ ಮತ್ತು ತೀರ್ಪಿನ ದಿನಾಂಕ ಬರೆದೆವು. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತದೆ ಎಂಬ ನಿಯಮವನ್ನು ವಿನಯದಿಂದಲೇ ನೆನಪಿಸಿದೆವು. ಶಾಲೆ ಒಪ್ಪದಿದ್ದರೆ ಕಾಯ್ದೆಯಡಿ ನೇಮಕವಾದ ನಿಯಂತ್ರಣಾಧಿಕಾರಿಗೆ ದೂರು ಕೊಡುವ ದಾರಿಯಿತ್ತು. ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಎರಡು ಸಲ ಫೋನ್ ಮಾಡಿದ ಮೇಲೆ ಹಣ ಖಾತೆಗೆ ಬಂತು.

ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ ಇಂಥ ಟೀಚರ್‌ಗಳು ಬಹಳ ಮಂದಿ ಇದ್ದಾರೆ. ಅವರ ಸಂಬಳ ಮನೆಯಲ್ಲಿ 'ಎರಡನೆಯದು' ಎಂಬ ಕಾರಣಕ್ಕೆ ಅವರ ಹಕ್ಕನ್ನು ನಾವೇ ಹಗುರವಾಗಿ ಕಾಣುತ್ತೇವೆ. ನಾನೂ ಹಾಗೇ ಮಾಡಿದ್ದೆ. ನಿಮ್ಮ ಮನೆಯಲ್ಲೂ ಟೀಚರ್ ಇದ್ದರೆ, ಅವರ ನೇಮಕಾತಿ ಪತ್ರ ಎಲ್ಲಿದೆ ಎಂದು ಇವತ್ತೇ ಕೇಳಿ.

ನನ್ನ ಹೆಂಡತಿಯ ಅರ್ಜಿಯ ನಕಲು ಈಗ ನಮ್ಮ ಮನೆಯಲ್ಲಿಲ್ಲ. ಅದೇ ಶಾಲೆ ಬಿಟ್ಟ ಇನ್ನಿಬ್ಬರು ಟೀಚರ್‌ಗಳು ಒಯ್ದಿದ್ದಾರೆ.