ಕಿವಿ ಕೊಡವುವ ನಾಯಿ

ನಾಯಿಯ ಕಿವಿನಾಳ ಮನುಷ್ಯರದರಂತೆ ನೇರವಾಗಿಲ್ಲ. ಹಾಲೆಯ ಬುಡದಿಂದ ಅದು ಬಾವಿಯಂತೆ ಕೆಳಗಿಳಿಯುತ್ತದೆ. ದವಡೆಯ ಮೂಲೆಯ ಹತ್ತಿರ ಅಡ್ಡಕ್ಕೆ ಹೊರಳಿ, ಸುರಂಗದಂತೆ ಒಳಗೆ ಸಾಗಿ ತಮಟೆಯನ್ನು ಮುಟ್ಟುತ್ತದೆ. ಮನುಷ್ಯರ ನಾಳ ಸುಮಾರು 2.5 ಸೆಂ.ಮೀ. ಉದ್ದವಿದ್ದರೆ ಬೆಳೆದ ನಾಯಿಯದು 5ರಿಂದ 10 ಸೆಂ.ಮೀ. ಇಳಿದ ನೀರು ಸುಲಭಕ್ಕೆ ಹೊರಬರದು, ಒಳಗೆ ಗಾಳಿಯಾಡದು, ಹಾಲೆ ಎತ್ತಿ ನೋಡುವವರಿಗೆ ತಿರುವಿನ ಆಚೆ ಏನಿದೆಯೆಂದು ಕಾಣದು. ಆದರೂ ಹೆಚ್ಚಿನ ನಾಯಿಗಳ ಕಿವಿ ಜೀವಮಾನವಿಡೀ ಚೊಕ್ಕಟವಾಗಿರುವುದಕ್ಕೆ ಕಾರಣ ನಾಳದ ಚರ್ಮವೇ. ಅದರ ಮೇಲ್ಪದರ ತಮಟೆಯ ಕಡೆಯಿಂದ ಹೊರಗಿನ ಕಡೆಗೆ ನಿಧಾನವಾಗಿ ಸರಿಯುತ್ತಿರುತ್ತದೆ. ಸತ್ತ ಚರ್ಮ, ಗುಗ್ಗೆ, ದೂಳು ಎಲ್ಲವೂ ಅದರ ಜೊತೆ ಹೊರಬರುತ್ತವೆ. ಚರ್ಮ ಊದಿಕೊಂಡ ದಿನ ಈ ಸಾಗಾಟ ನಿಲ್ಲುತ್ತದೆ. ಕಿವಿನೋವಿನ ಕತೆ ಶುರುವಾಗುವುದು ಅಲ್ಲಿಂದ.

ಆರೋಗ್ಯವಂತ ಕಿವಿಯ ಒಳಭಾಗ ತಿಳಿ ಗುಲಾಬಿ ಬಣ್ಣದ್ದು. ಕಂದು ಗುಗ್ಗೆ ತುಸು ಇದ್ದರೂ ವಾಸನೆ ಇರದು. ತೊಂದರೆಯ ಮೊದಲ ಸುಳಿವು ತಲೆ ಕೊಡವುವುದು. ದಿನಕ್ಕೆ ಒಂದೆರಡು ಸಲ, ನಿದ್ದೆಯಿಂದ ಎದ್ದಾಗ ಕೊಡವಿದರೆ ಅದು ಸಹಜ. ರಾತ್ರಿ ಮನೆಯವರಿಗೆ ಎಚ್ಚರವಾಗುವಷ್ಟು ಕಿವಿ ಪಟಪಟನೆ ಬಡಿದರೆ ಅಲ್ಲ. ಹಿಂಗಾಲಿನಿಂದ ಕೆರೆದುಕೊಳ್ಳುವುದು, ಗೋಡೆಗೋ ಕಾಲೊರೆಸುವ ಚಾಪೆಗೋ ಕೆನ್ನೆ ಉಜ್ಜುವುದು ಆಮೇಲೆ ಬರುತ್ತವೆ. ಕಿವಿಯ ಬುಡ ತಿಕ್ಕಿದರೆ ನಾಯಿ ಕಣ್ಣು ಅರೆಮುಚ್ಚಿ ನರಳುತ್ತದೆ, ಹಿಂಗಾಲು ತಾನಾಗಿ ಗಾಳಿಯಲ್ಲೇ ಕೆರೆಯತೊಡಗುತ್ತದೆ. ಮುದ್ದು ಮಾಡುವವರು ಅದನ್ನು ಸುಖವೆಂದುಕೊಳ್ಳುತ್ತಾರೆ. ಅನೇಕ ಸಲ ಅದು ತುರಿಕೆ. ಮುಟ್ಟಿದರೆ ಕುಂಯ್‌ಗುಟ್ಟಿ ತಲೆ ಸೆಳೆದುಕೊಂಡರೆ ತುರಿಕೆ ದಾಟಿ ನೋವಿಗೆ ತಿರುಗಿದೆಯೆಂದೇ ಅರ್ಥ. ಇಂಥ ಹೊತ್ತಿನಲ್ಲಿ ಸಾಧು ನಾಯಿಯೂ ಕಚ್ಚಬಹುದು.

ಸೋರುವ ವಸ್ತುವಿನ ಬಣ್ಣ, ವಾಸನೆ ಒಂದಿಷ್ಟು ಹೇಳುತ್ತವೆ. ಕಂದುಬಣ್ಣದ ಜಿಡ್ಡು, ಹುಳಿಹಿಟ್ಟಿನಂಥ ಕಮಟು ವಾಸನೆ ಇದ್ದರೆ ಮಲಸೀಜಿಯಾ ಎಂಬ ಯೀಸ್ಟ್ ಬೆಳೆದಿರುವ ಸಾಧ್ಯತೆ ಹೆಚ್ಚು. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂತೆ ಕಪ್ಪಗೆ ಪುಡಿಪುಡಿಯಾಗಿದ್ದರೆ ಕಿವಿಹುಳುಗಳೆಂಬ ನುಸಿಗಳು. ಹಳದಿ ಅಥವಾ ಹಸಿರು ಕೀವು, ಹತ್ತಿರ ಹೋಗಲಾಗದಷ್ಟು ದುರ್ನಾತ ಇದ್ದರೆ ಬ್ಯಾಕ್ಟೀರಿಯಾ. ಇವೆಲ್ಲ ಊಹೆಗಳಷ್ಟೆ. ಪಶುವೈದ್ಯರು ಹತ್ತಿಯ ಕಡ್ಡಿಯಲ್ಲಿ ಕೀವು ತೆಗೆದು, ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಯೀಸ್ಟೋ ಬ್ಯಾಕ್ಟೀರಿಯಾವೋ ಎರಡೂ ಇವೆಯೋ ತಿಳಿಯುತ್ತದೆ. ಈ ಅಗ್ಗದ ಪರೀಕ್ಷೆಯನ್ನು ಬಿಟ್ಟು ಬರೆದ ಔಷಧಿ ಕತ್ತಲಲ್ಲಿ ಎಸೆದ ಕಲ್ಲು.

ಆದರೆ ಯೀಸ್ಟೂ ಬ್ಯಾಕ್ಟೀರಿಯಾವೂ ಬಾಗಿಲು ತೆರೆದಿದ್ದಾಗ ನುಗ್ಗಿದವು. ಬಾಗಿಲು ತೆರೆದದ್ದು ಬೇರೆ. ಎರಡೂ ಕಿವಿಗಳಲ್ಲಿ ಮತ್ತೆ ಮತ್ತೆ ಸೋರುವ ನಾಯಿಗಳಲ್ಲಿ ಬಹುಪಾಲು ಸಲ ಆ ಮೂಲ ಚರ್ಮದ ಅಲರ್ಜಿ. ಕಿವಿನಾಳವೂ ಚರ್ಮವೇ ತಾನೆ. ಇಂಥ ನಾಯಿ ಪಾದಗಳನ್ನು ನೆಕ್ಕುತ್ತಿರುತ್ತದೆ, ಅದರ ಹೊಟ್ಟೆ, ಕಂಕುಳು ಕೆಂಪಾಗಿರುತ್ತವೆ. ಮನೆದೂಳಿನ ನುಸಿ, ಹೂಪರಾಗ ಮುಂತಾದವಕ್ಕೆ ಒಗ್ಗದ ಈ ದೋಷ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ನಗರಗಳ ಫ್ಲ್ಯಾಟುಗಳಲ್ಲಿ ತುಂಬಿರುವ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಇದು ಹೆಚ್ಚು. ಕೆಲವಕ್ಕೆ ತಿಂಡಿಯೇ ಒಗ್ಗದು. ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವು ಹೆಚ್ಚಾಗಿ ಸಿಕ್ಕಿಬೀಳುವ ಆಹಾರಗಳು. ಮೊಸರನ್ನ, ಕೋಳಿ ಅನ್ನದಲ್ಲೇ ಬೆಳೆಯುವ ನಮ್ಮ ಮನೆಗಳ ನಾಯಿಗಳಿಗೆ ಇದು ಅನ್ವಯಿಸುತ್ತದೆ. ಪತ್ತೆಗೆ ಇರುವ ನೆಚ್ಚಬಹುದಾದ ದಾರಿ ಒಂದೇ: ನಾಯಿ ಹಿಂದೆಂದೂ ತಿಂದಿರದ ಒಂದು ಮಾಂಸ, ಒಂದು ಧಾನ್ಯವನ್ನು ಮಾತ್ರ ಸುಮಾರು ಎಂಟು ವಾರ ಕೊಡುವುದು, ಆಮೇಲೆ ಹಳೆಯ ಆಹಾರ ಹಾಕಿ ತುರಿಕೆ ಮರಳುವುದೇ ನೋಡುವುದು. ಈ ಪಥ್ಯ ಹಾಳಾಗುವುದು ಸಾಮಾನ್ಯವಾಗಿ ಸಂಜೆ ಚಹಾದ ಹೊತ್ತಿಗೆ, ಅಜ್ಜ ಮೇಜಿನಡಿ ಜಾರಿಸುವ ಅರ್ಧ ಬಿಸ್ಕತ್ತಿನಿಂದ.

ಜೋಲು ಕಿವಿಯೇ ರೋಗಕ್ಕೆ ಕಾರಣವೆಂಬ ಮಾತು ಅರ್ಧ ಸತ್ಯ. ಮುಧೋಳ ನಾಯಿಯ ಕಿವಿಯೂ ಜೋತುಬೀಳುತ್ತದೆ. ಆದರೆ ಕಾಕರ್ ಸ್ಪೇನಿಯಲ್‌ನ ಕಿವಿಗಿರುವಂಥ ಭಾರ, ದಟ್ಟ ಕೂದಲು ಅದಕ್ಕಿಲ್ಲ. ಕಾಕರ್‌ನ ನಾಳದಲ್ಲಿ ಗುಗ್ಗೆ ಸುರಿಸುವ ಗ್ರಂಥಿಗಳೂ ಹೆಚ್ಚು. ಕೆರೆ, ಹೊಳೆಯಲ್ಲಿ ಈಜುವುದು, ಸ್ನಾನದ ನೀರು ಒಳಗೆ ನಿಲ್ಲುವುದು, ಕರಾವಳಿ ಮಲೆನಾಡುಗಳ ಮಳೆಗಾಲದ ತೇವ ಇವು ಇದ್ದ ದೋಷಕ್ಕೆ ಒತ್ತಾಸೆಯಾಗುತ್ತವೆ. ಕಿವಿ ಸೋರುವ ವಯಸ್ಸಾದ ನಾಯಿ ದಪ್ಪಗಾಗಿ, ಮಂಕಾಗಿ, ಕೂದಲು ಉದುರಿಸುತ್ತಿದ್ದರೆ ಥೈರಾಯಿಡ್ ಪರೀಕ್ಷೆ ಆಗಬೇಕು.

ಒಂದೇ ಕಿವಿಗೆ, ಅದೂ ಏಕಾಏಕಿ ಆದರೆ ಲೆಕ್ಕ ಬೇರೆ. ಹೊಲ, ಖಾಲಿ ಸೈಟುಗಳಲ್ಲಿ ಓಡಾಡಿ ಬಂದ ನಾಯಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಬಿಡದೆ ಕೊಡವಿದರೆ ಉತ್ತರಾಣಿಯ ಕಾಳೋ ಹುಲ್ಲಿನ ಮುಳ್ಳುತೆನೆಯೋ ನಾಳಕ್ಕೆ ಇಳಿದಿರಬಹುದು. ಮುಳ್ಳಿನ ತುದಿ ಒಳಮುಖವಾಗಿಯೇ ಸರಿಯುವುದರಿಂದ ತಮಟೆಯನ್ನು ತೂತು ಮಾಡಬಲ್ಲದು. ಉಣ್ಣೆ, ಅಂದರೆ ಮಲೆನಾಡಿನವರ ಉಣುಗು, ಹಾಲೆಯ ಮಡಿಕೆಗಳಲ್ಲಿ ಕಚ್ಚಿಕೊಳ್ಳುವುದು ಹೆಚ್ಚು. ಒಮ್ಮೊಮ್ಮೆ ನಾಳದ ಒಳಗೂ ಸೇರುತ್ತದೆ. ಕಿವಿಹುಳು ಮರಿಗಳಲ್ಲಿ ಜಾಸ್ತಿ. ಮೊಟ್ಟೆಯಿಂದ ಬೆಳೆದ ಹುಳುವಾಗಲು ಅದಕ್ಕೆ ಸುಮಾರು ಮೂರು ವಾರ ಬೇಕು. ನಾಯಿಯಿಂದ ನಾಯಿಗೆ, ಬೆಕ್ಕಿಗೆ ಹರಡುವುದರಿಂದ ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೇ ಔಷಧಿಯಾಗಬೇಕು. ಹಾಲೆಯ ಅಂಚಿನಲ್ಲಿ ಕೂದಲುದುರಿ ಹೊಪ್ಪಳೆಗಟ್ಟಿ, ಅಂಚನ್ನು ಬೆರಳಲ್ಲಿ ಉಜ್ಜಿದೊಡನೆ ಹಿಂಗಾಲು ಕೆರೆಯತೊಡಗಿದರೆ ಅದು ಕಜ್ಜಿಯ ಗುರುತು. ಈ ಕಜ್ಜಿ ಎತ್ತಿಕೊಂಡವರ ಮೈಗೂ ತುರಿಕೆ ತರುತ್ತದೆ. ಬೀದಿನಾಯಿಯ ಒಂದು ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತು ಮಾತ್ರ ರೋಗವಲ್ಲ; ಸಂತಾನಹರಣ ಆಗಿದೆಯೆಂದು ತಿಳಿಯಲು ಮಾಡಿದ್ದು.

ಬೀದಿನಾಯಿಗಳಲ್ಲಿ ಕಾಣುವ ಅತಿ ಘೋರ ಸ್ಥಿತಿಯೆಂದರೆ ಹುಳ ಬಿದ್ದ ಕಿವಿ. ಸೋರುವ ಕಿವಿಯಲ್ಲೋ ಸಣ್ಣ ಗಾಯದಲ್ಲೋ ನೊಣ ಇಟ್ಟ ಮೊಟ್ಟೆಗಳು ಒಂದು ದಿನದೊಳಗೆ ಮರಿಹುಳುಗಳಾಗಿ ಮಾಂಸ ಕೊರೆಯುತ್ತವೆ. ಕನಿಕರದಿಂದಲೇ ಜನ ಫಿನಾಯಿಲನ್ನೋ ಸೀಮೆಎಣ್ಣೆಯನ್ನೋ ಸುರಿಯುತ್ತಾರೆ. ಹುಳುವಿನ ಜೊತೆ ನಾಳದ ಚರ್ಮವೂ ಬೇಯುತ್ತದೆ. ನಾಯಿಗೆ ಮತ್ತು ಬರಿಸಿ ಹುಳುಗಳನ್ನು ಒಂದೊಂದಾಗಿ ತೆಗೆದು ಗಾಯ ತೊಳೆಯುವುದು ಆಸ್ಪತ್ರೆಯ ಕೆಲಸ. ಹುಳು, ಕಜ್ಜಿಗಳಿಗೆ ಕೊಡುವ ಐವರ್‌ಮೆಕ್ಟಿನ್ ಕೋಲಿ ಜಾತಿಯ ಅನೇಕ ನಾಯಿಗಳಿಗೆ ಜೀವಾಪಾಯ ತರಬಲ್ಲದು. ಔಷಧಿಯನ್ನು ಮಿದುಳಿನಿಂದ ಹೊರಗಿಡುವ ವಂಶವಾಹಿ ಅವುಗಳಲ್ಲಿ ಕೆಟ್ಟಿರುತ್ತದೆ.

ಕೊಡವಿ ಕೊಡವಿ ಹಾಲೆಯೊಳಗಿನ ರಕ್ತನಾಳ ಒಡೆದರೆ ಹಾಲೆ ನೀರು ತುಂಬಿದ ಬಲೂನಿನಂತೆ ಉಬ್ಬುತ್ತದೆ. ವೈದ್ಯರು ರಕ್ತ ಬಸಿದು ಔಷಧಿ ಕೊಡುತ್ತಾರೆ, ಅಥವಾ ಕೊಯ್ದು ಪದರಗಳನ್ನು ಸೇರಿಸಿ ಹೊಲಿಯುತ್ತಾರೆ. ಹಾಗೇ ಬಿಟ್ಟರೆ ಹಾಲೆ ಮುದುಡುತ್ತದೆ. ತಲೆ ಒಂದೇ ಕಡೆ ವಾಲುವುದು, ನಡೆವಾಗ ತೂರಾಡುವುದು, ಕಣ್ಣುಗುಡ್ಡೆ ಅತ್ತಿತ್ತ ಅದುರುವುದು, ಒಂದು ಬದಿಯ ತುಟಿ ಜೋಲುವುದು ಕಂಡರೆ ಸೋಂಕು ತಮಟೆ ದಾಟಿ ಮಧ್ಯಕಿವಿ, ಒಳಕಿವಿಗೆ ಹೋಗಿರಬಹುದು. ಅಲ್ಲಿ ಒಂದು ದಿನ ಕಾಯುವುದೂ ತಪ್ಪು.

ಚಿಕಿತ್ಸೆಯ ಮೊದಲ ಹೆಜ್ಜೆ ಆಟೋಸ್ಕೋಪಿನಲ್ಲಿ ತಮಟೆ ನೋಡುವುದು. ತಮಟೆ ಹರಿದಿದ್ದರೆ ಜೆಂಟಮೈಸಿನ್, ಕ್ಲೋರ್‌ಹೆಕ್ಸಿಡಿನ್, ಸ್ಪಿರಿಟ್ ಮೊದಲಾದವು ಒಳಕಿವಿಯನ್ನು ಸುಟ್ಟು ಕಿವುಡುತನ ತರಬಲ್ಲವು; ಹಿಂದಿನ ವರ್ಷ ಉಳಿದ ಸೀಸೆಯ ಹನಿ ಹಾಕಬಾರದೆನ್ನುವುದು ಇದಕ್ಕೇ. ನಾಳ ಊದಿ ಮುಚ್ಚಿಹೋಗಿದ್ದರೆ ಕೆಲವು ದಿನ ಸ್ಟಿರಾಯಿಡ್ ಕೊಟ್ಟು ದಾರಿ ಬಿಡಿಸಬೇಕಾಗುತ್ತದೆ. ಕೀವಿನ ಮೇಲೆ ಹಾಕಿದ ಹನಿ ಚರ್ಮ ಮುಟ್ಟದು, ಹಾಗಾಗಿ ಮೊದಲು ಶುಚಿ. ನಾಯಿಯ ಕಿವಿಗೆಂದೇ ಇರುವ ದ್ರವವನ್ನು ನಾಳ ತುಂಬುವಷ್ಟು ಹಾಕಿ, ಬುಡವನ್ನು ಅರ್ಧ ನಿಮಿಷ ಹಿಸುಕಬೇಕು. ಪಿಚಪಿಚ ಸದ್ದು ಕೇಳಿದರೆ ದ್ರವ ತಿರುವನ್ನು ದಾಟಿದೆ. ನಾಯಿಗೆ ಕೊಡವಲು ಬಿಟ್ಟು, ಹೊರಬಂದದ್ದನ್ನು ಹತ್ತಿಯಿಂದ ಒರೆಸಬೇಕು. ಬಡ್ಸ್ ಬಳಸಿದರೆ ಕೊಳೆ ತಿರುವಿನಾಚೆ ದೂಡಿದಂತಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಉರಿಸುತ್ತದೆ. ಬಿಸಿ ಮಾಡಿದ ಬೆಳ್ಳುಳ್ಳಿ ಎಣ್ಣೆಯೂ ಬೇಡ.

ಔಷಧಿಯ ಹನಿಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾ, ಯೀಸ್ಟ್, ಊತ ಮೂರಕ್ಕೂ ಒಟ್ಟಿಗೇ ಇರುವಂಥವು. ಮನುಷ್ಯರ ಲೆಕ್ಕದಲ್ಲಿ ಎರಡು ಹನಿ ಹಾಕಿದರೆ ಲ್ಯಾಬ್ರಡಾರ್‌ನ ಸುರಂಗದ ತುದಿಗೆ ಏನೂ ತಲುಪದು. ವೈದ್ಯರು ಹೇಳಿದ ಪ್ರಮಾಣವೇ ಬೇಕು. ನಾಲ್ಕನೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಐದನೆಯ ದಿನ ಔಷಧಿಯೂ ನಿಲ್ಲುತ್ತದೆ, ತಿಂಗಳಲ್ಲಿ ಕಿವಿ ಮತ್ತೆ ಸೋರುತ್ತದೆ. ಎರಡರಿಂದ ನಾಲ್ಕು ವಾರ ನಡೆಸಿ, ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಿಯೇ ನಿಲ್ಲಿಸಬೇಕು. ಅರೆಬರೆ ಚಿಕಿತ್ಸೆಗಳ ಕೊನೆಯಲ್ಲಿ ಉಳಿಯುವುದು ಸ್ಯೂಡೊಮೊನಾಸ್. ಅನೇಕ ಆ್ಯಂಟಿಬಯೋಟಿಕ್‌ಗಳಿಗೆ ಜಗ್ಗದ ಈ ಬ್ಯಾಕ್ಟೀರಿಯಾಕ್ಕೆ ಕಲ್ಚರ್ ಪರೀಕ್ಷೆ, ಅರಿವಳಿಕೆ ಕೊಟ್ಟು ಆಳಕ್ಕೆ ತೊಳೆಯುವುದು ಬೇಕಾಗುತ್ತವೆ. ಅಲರ್ಜಿಯ ನಾಯಿಗೆ ಕಿವಿ ವಾಸಿಯಾದ ಮೇಲೂ ವಾರಕ್ಕೊಮ್ಮೆ ಶುಚಿ, ಅಲರ್ಜಿಯ ಔಷಧಿ ಮುಂದುವರಿಯುತ್ತವೆ.

ವರ್ಷಗಟ್ಟಲೆ ಸೋರಿದ ನಾಳದ ಗೋಡೆ ದಪ್ಪಗಾಗಿ, ಮೃದ್ವಸ್ಥಿ ಎಲುಬಿನಂತೆ ಗಟ್ಟಿಯಾಗಿ, ಮಧ್ಯದ ದಾರಿ ಮುಚ್ಚಿಹೋದರೆ ಹನಿಗಳಿಗೆ ಕೆಲಸವಿಲ್ಲ. ಆಗ ಇಡೀ ನಾಳವನ್ನು ಕೊಯ್ದು ತೆಗೆದು ಮಧ್ಯಕಿವಿಯ ಗೂಡನ್ನು ಕೆರೆದು ಶುಚಿಮಾಡುವ ಶಸ್ತ್ರಚಿಕಿತ್ಸೆ ಉಳಿಯುತ್ತದೆ. ಮುಖದ ನರ ಪಕ್ಕದಲ್ಲೇ ಹಾಯುವುದರಿಂದ ಪಳಗಿದ ಶಸ್ತ್ರವೈದ್ಯರೇ ಬೇಕು. ಆ ಕಿವಿಯ ಕೇಳುವಿಕೆ ಬಹುಮಟ್ಟಿಗೆ ಮೊದಲೇ ಹೋಗಿರುತ್ತದೆ. ಹಾಲೆಯನ್ನು ಸಾಮಾನ್ಯವಾಗಿ ಹಾಗೇ ಉಳಿಸುವುದರಿಂದ, ಕೂದಲು ಬೆಳೆದ ಮೇಲೆ ನಾಳ ಇಲ್ಲವೆಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ.